ಗೊತ್ತಿಲ್ಲ ಎನ್ನಲು ಕಲಿತ ಜರಡಿ

ಬೆಳಗಿನ ಐದೂವರೆ. ಅಡುಗೆಮನೆಯ ಮೇಜಿನ ಮೇಲೊಂದು ಹಳೆಯ ಲ್ಯಾಪ್‌ಟಾಪ್. ಅದರ ಫ್ಯಾನಿಗೆ ಗಾಳಿಯಾಡಲೆಂದು ಕೆಳಗೆ ಬಟ್ಟೆ ಒಣಹಾಕುವ ಎರಡು ಕ್ಲಿಪ್ಪುಗಳ ಆಸರೆ. ಮೊದಲ ಬಸ್ಸು ಓಡಿಸಲು ಗಂಡ ಡಿಪೋಗೆ ಹೋಗಿ ಮುಕ್ಕಾಲು ಗಂಟೆಯಾಗಿದೆ. ಅವರು ಕುಡಿದಿಟ್ಟ ಲೋಟ ಇನ್ನೂ ಸಿಂಕಿನಲ್ಲಿದೆ. ಮೇಜಿನ ಆ ಬದಿಗೆ ಅತ್ತೆ ಬೆಳ್ಳುಳ್ಳಿ ಸುಲಿಯುತ್ತಿದ್ದಾರೆ. ಈ ಬದಿಗೆ ಸೊಸೆ, ನಿನ್ನೆಯಿಂದ ಬಂದ ಪತ್ರಗಳನ್ನು ಒಂದೊಂದಾಗಿ ತೆರೆಯುತ್ತಿದ್ದಾರೆ. ಇವತ್ತು ಹದಿನಾಲ್ಕಿವೆ.

"ಎಷ್ಟು ಜನ ಬೈದಿದ್ದಾರೆ?" ಅತ್ತೆ ತಲೆಯೆತ್ತದೆ ಕೇಳುತ್ತಾರೆ.

"ಮೂರು. ಇನ್ನೂ ಐದು ಓದಿಲ್ಲ."

"ಹಾಗಾದ್ರೆ ಪರವಾಗಿಲ್ಲ, ಒಳ್ಳೆ ದಿನವೇ."

ಸೊಸೆಗೆ ಐವತ್ತೆರಡು. ಊರಿನ ನಲ್ಲಿ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಅವರು ಟೆಕ್ನೀಷಿಯನ್. ಹೊಟ್ಟೆಪಾಡಿನ ಕೆಲಸ ಎಂಟೂವರೆಗೆ ಶುರು. ಅದಕ್ಕೆ ಮೊದಲು ಈ ಮೇಜಿನ ಮುಂದೆ ನಡೆಯುವ ಎರಡು ಗಂಟೆಯ ಕೆಲಸಕ್ಕೆ ಹುದ್ದೆಯೂ ಇಲ್ಲ, ರಜೆಯೂ ಇಲ್ಲ. ಬ್ಯಾಕ್ಟೀರಿಯಾಗಳ ವಂಶವಾಹಿಯನ್ನು ಹೋಲಿಸಿ ನೋಡುವ 'ಜರಡಿ' ಎಂಬ ತಂತ್ರಾಂಶವನ್ನು ಬರೆದವರು ಅವರು, ಕಾಪಾಡುತ್ತಿರುವವರೂ ಅವರೊಬ್ಬರೇ. ನಾನ್ನೂರಕ್ಕೂ ಹೆಚ್ಚು ಪ್ರಯೋಗಾಲಯಗಳು ಅದನ್ನು ಬಳಸುತ್ತವೆ. ಅವರ ಮುಖ ಕಂಡವರಿಲ್ಲ. ಪತ್ರಗಳು 'ಜರಡಿಯಮ್ಮನವರೇ' ಎಂದು ಶುರುವಾಗುತ್ತವೆ. ಮೊದಲ ಮೂರು ವರ್ಷ ಎಲ್ಲರೂ 'ಸರ್' ಎಂದೇ ಬರೆಯುತ್ತಿದ್ದರು, ಅವರು ತಿದ್ದಲು ಹೋಗಲಿಲ್ಲ.

ಕಳೆದ ವರ್ಷ ಇದೇ ಮೇಜಿಗೆ ಬಂದ ಒಂದು ಪತ್ರ, ಅವರು ಕಂಡು ಕೇಳರಿಯದ ಒಬ್ಬ ನರ್ಸಿನ ನೌಕರಿಯನ್ನು ತಂದು ಅವರ ಕೈಯಲ್ಲಿಟ್ಟಿತು. ಆ ಕತೆಗೆ ಮೊದಲು ಜರಡಿ ಏನು ಮಾಡುತ್ತದೆಂದು ತಿಳಿಯಬೇಕು. ಅವರು ಹೇಳುವುದು ಹೀಗೆ:

"ಒಂದು ಬ್ಯಾಕ್ಟೀರಿಯಾದೊಳಗೆ ಐವತ್ತು ಲಕ್ಷ ಅಕ್ಷರದ ಪುಸ್ತಕ ಇದೆ ಅಂತ ಇಟ್ಕೊಳ್ಳಿ. ಯಂತ್ರ ಅದನ್ನ ನೆಟ್ಟಗೆ ಓದಲ್ಲ, ಚೂರು ಚೂರು ಮಾಡಿ ಕೊಡತ್ತೆ. ಒಂದು ಮಾದರಿ ಪುಸ್ತಕ ಮುಂದಿಟ್ಟುಕೊಂಡು ಯಾವ ಚೂರು ಎಲ್ಲಿಯದು ಅಂತ ಜೋಡಿಸಬೇಕು. ಆಮೇಲೆ ಎರಡು ಪುಸ್ತಕ ಪಕ್ಕಪಕ್ಕ ಇಟ್ಟು ಎಷ್ಟು ಅಕ್ಷರ ಬೇರೆ ಇದೆ ಅಂತ ಎಣಿಸೋದು. ಇಷ್ಟೇ ರೀ, ಜರಡಿ ಅಂದ್ರೆ."

ವ್ಯತ್ಯಾಸ ಹತ್ತಕ್ಕಿಂತ ಕಡಿಮೆಯಿದ್ದರೆ ಎರಡೂ ಬ್ಯಾಕ್ಟೀರಿಯಾಗಳು ಇತ್ತೀಚೆಗೆ ಒಂದೇ ಮೂಲದಿಂದ ಬಂದವು ಎಂದು ಆಸ್ಪತ್ರೆಗಳು ಲೆಕ್ಕ ಹಾಕುತ್ತವೆ. ಹೆಚ್ಚಿದ್ದರೆ ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಸೋಂಕು ಎಲ್ಲಿಂದ ಹೊರಟಿತು ಎಂದು ಹುಡುಕುವವರಿಗೆ ಆ ಒಂದು ಅಂಕಿಯೇ ಜೀವಾಳ.

ಜರಡಿ ಹುಟ್ಟಿದ್ದು ಹನ್ನೊಂದು ವರ್ಷದ ಹಿಂದೆ, ನೀರಿನ ಪ್ರಯೋಗಾಲಯದ ಊಟದ ಬಿಡುವಿನಲ್ಲಿ. ಒಂದು ಬಡಾವಣೆಯ ಜನಕ್ಕೆ ಹೊಟ್ಟೆ ಕೆಟ್ಟಿತ್ತು. ಯಾವ ಪೈಪಿನ ನೀರಿನಿಂದ ಎಂದು ತಿಳಿಯಬೇಕಿತ್ತು. ಆಗಿದ್ದ ತಂತ್ರಾಂಶಗಳು ಕಪಾಟಿನಷ್ಟು ದೊಡ್ಡ ಕಂಪ್ಯೂಟರ್ ಕೇಳುತ್ತಿದ್ದವು. ಅವರ ಬಳಿ ಇದ್ದದ್ದು ರಶೀದಿ ಮುದ್ರಿಸುವ ಕಂಪ್ಯೂಟರ್. ರಟ್ಟು ಕಿತ್ತುಹೋದ ಪುಸ್ತಕವೊಂದನ್ನು ಓದಿ ಪ್ರೋಗ್ರಾಂ ಬರೆಯುವುದನ್ನು ಕಲಿತರು. ಐದು ತಿಂಗಳು ಹಿಡಿಯಿತು. ಪೈಪು ಸಿಕ್ಕಿತು. ಇನ್ಯಾರಿಗಾದರೂ ಬೇಕಾದೀತೆಂದು ತಾವು ಬರೆದದ್ದನ್ನು ಎಲ್ಲರಿಗೂ ಸಿಗುವಂತೆ ಇಂಟರ್‌ನೆಟ್ಟಿನಲ್ಲಿ ಇಟ್ಟರು.

ಆ ಐದು ತಿಂಗಳಲ್ಲೇ ಒಂದು ಕಡೆ ಕೈ ತಪ್ಪಿತ್ತು. ಪುಸ್ತಕದ ಕೆಲವು ಜಾಗಗಳಿಗೆ ಚೂರುಗಳೇ ಸಿಗುವುದಿಲ್ಲ, ಅಲ್ಲಿ ಖಾಲಿ ಉಳಿಯುತ್ತದೆ. ಖಾಲಿ ಕಂಡಲ್ಲೆಲ್ಲ ಪ್ರೋಗ್ರಾಂ ಮುಗ್ಗರಿಸಿ ನಿಲ್ಲುತ್ತಿತ್ತು. ಸದ್ಯಕ್ಕೆ ಓಡಲಿ ಎಂದು, ಖಾಲಿಯಿದ್ದಲ್ಲಿ ಮಾದರಿ ಪುಸ್ತಕದ ಅಕ್ಷರವನ್ನೇ ತುಂಬುವಂತೆ ಒಂದು ಸಾಲು ಬರೆದರು. ಪಕ್ಕದಲ್ಲಿ 'ನಾಳೆ ಸರಿಮಾಡಬೇಕು' ಎಂದು ಟಿಪ್ಪಣಿಯನ್ನೂ ಹಾಕಿದರು. ಆ ನಾಳೆ ಬರಲು ಹತ್ತು ವರ್ಷ ಹಿಡಿಯಿತು.

ಅದು ಬಂದದ್ದು ಒಂದು ಮೆಚ್ಚುಗೆಯ ಪತ್ರದ ರೂಪದಲ್ಲಿ. ದೂರದ ಆಸ್ಪತ್ರೆಯೊಂದರ ವೈದ್ಯೆ ಬರೆದಿದ್ದರು. ಹಸುಗೂಸುಗಳ ವಾರ್ಡಿನಲ್ಲಿ ನಾಲ್ಕು ಮಕ್ಕಳಿಗೆ ಸೋಂಕು ತಗುಲಿತ್ತು, ಮಕ್ಕಳು ಚೇತರಿಸಿಕೊಂಡಿದ್ದರು. ಸಿಬ್ಬಂದಿಯ ಕೈಗಳಿಂದ ಮಾದರಿ ತೆಗೆದು ಜರಡಿಗೆ ಹಾಕಿದಾಗ ಒಬ್ಬ ನರ್ಸಿನ ಕೈಯ ಬ್ಯಾಕ್ಟೀರಿಯಾಕ್ಕೂ ಆ ಮಕ್ಕಳಲ್ಲಿ ಒಂದು ಮಗುವಿನದಕ್ಕೂ ಬರೀ ಆರು ಅಕ್ಷರಗಳ ವ್ಯತ್ಯಾಸ. ನರ್ಸನ್ನು ಮನೆಗೆ ಕಳಿಸಲಾಗಿದೆ, ಮುಂದಿನ ಸೋಮವಾರ ವಿಚಾರಣೆ, ಕೆಲಸದಿಂದ ತೆಗೆಯುವುದು ಬಹುತೇಕ ಖಚಿತ. 'ಒಂದೇ ಗಂಟೆಯಲ್ಲಿ ಮೂಲ ಹಿಡಿದುಕೊಟ್ಟಿರಿ, ಧನ್ಯವಾದಗಳು.'

"ನನಗೆ ಧನ್ಯವಾದ ಹೇಳಿ ಯಾರೂ ಬರೆಯಲ್ಲ. ಅದಕ್ಕೇ ಎರಡು ಸಲ ಓದಿದೆ," ಎನ್ನುತ್ತಾರೆ. ಎರಡನೆಯ ಸಲ ಓದುವಾಗ ಜೊತೆಗಿದ್ದ ಫೈಲುಗಳ ಪಟ್ಟಿಯ ಮೇಲೆ ಕಣ್ಣು ನಿಂತಿತು. ಮಗುವಿನ ಫೈಲು ದೊಡ್ಡದು. ನರ್ಸಿನದು ಅದರ ಹತ್ತರಲ್ಲೊಂದು ಪಾಲಷ್ಟೇ.

ಮೂಲ ಫೈಲುಗಳನ್ನು ತರಿಸಿಕೊಂಡು ಇದೇ ಮೇಜಿನ ಮೇಲೆ ತೆರೆದರು. ಆ ದಿನ ಯಂತ್ರ ಸರಿಯಾಗಿ ಓದಿರಲಿಲ್ಲ. ನರ್ಸಿನ ಬ್ಯಾಕ್ಟೀರಿಯಾದ ಐವತ್ತು ಲಕ್ಷದಲ್ಲಿ ಐದು ಲಕ್ಷ ಅಕ್ಷರಗಳಷ್ಟೇ ಸಿಕ್ಕಿದ್ದವು. ಮಿಕ್ಕ ನಲವತ್ತೈದು ಲಕ್ಷ ಖಾಲಿ. ಆಸ್ಪತ್ರೆಯವರು ಮಗುವಿನ ಬ್ಯಾಕ್ಟೀರಿಯಾವನ್ನೇ ಮಾದರಿ ಪುಸ್ತಕವಾಗಿ ಇಟ್ಟುಕೊಂಡಿದ್ದರು. ಆದ್ದರಿಂದ ಜರಡಿ ಆ ಖಾಲಿಯನ್ನೆಲ್ಲ ಮಗುವಿನ ಅಕ್ಷರಗಳಿಂದ ತುಂಬಿ, ನೋಡಿ, ಎರಡೂ ಒಂದೇ ಎಂದು ಹೇಳಿತ್ತು.

ಎದುರು ಕೂತಿದ್ದ ಅತ್ತೆ ಏನಾಯಿತೆಂದು ಕೇಳಿ ತಿಳಿದುಕೊಂಡರು.

"ಮೌನಂ ಸಮ್ಮತಿ ಲಕ್ಷಣಂ ಅಂತ ಅದಕ್ಕೂ ಹೇಳಿಕೊಟ್ಟುಬಿಟ್ಟಿದ್ದೀಯಲ್ಲೇ," ಎಂದರು. "ನನ್ನ ಮದುವೆ ಆಗಿದ್ದೂ ಹಾಗೇ. ಹುಡುಗಿ ಏನೂ ಅನ್ನಲಿಲ್ಲ, ಒಪ್ಪಿದ್ದಾಳೆ ಅಂದ್ರು. ನನ್ನ ಬಾಯಲ್ಲಿ ಹಲ್ಲುನೋವಿಗೆ ಲವಂಗ ಇತ್ತು."

ಆಮೇಲೆ ಬೆಳ್ಳುಳ್ಳಿ ಬದಿಗಿಟ್ಟು ಲೆಕ್ಕವನ್ನೂ ಅವರೇ ಹೇಳಿದರು. "ಐದು ಲಕ್ಷದಲ್ಲಿ ಆರು ಅಂದ್ರೆ ಐವತ್ತು ಲಕ್ಷಕ್ಕೆ ಅರವತ್ತು. ಆ ಹುಡುಗಿದು ಬೇರೆ, ಮಗುದು ಬೇರೆ. ಇನ್ನೂ ಏನು ನೋಡ್ತಾ ಕೂತಿದ್ದೀಯ, ಬರಿ."

ಆಸ್ಪತ್ರೆಗೆ ಅಂದೇ ಬರೆದರು: ಫಲಿತಾಂಶ ನಂಬಬೇಡಿ, ಮಾದರಿಯನ್ನು ಮತ್ತೆ ಓದಿಸಿ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಆಗ ಜರಡಿ ಆರುನೂರ ನಲವತ್ತು ಪ್ರಯೋಗಾಲಯಗಳಲ್ಲಿತ್ತು. ಹತ್ತು ವರ್ಷಗಳಲ್ಲಿ ಇಂಥ ಇನ್ನೆಷ್ಟು ತೆಳು ಮಾದರಿಗಳು ಅದರೊಳಗೆ ಹಾದುಹೋಗಿವೆಯೋ ಯಾರಿಗೂ ಗೊತ್ತಿಲ್ಲ. ತಮ್ಮ ಸರ್ವರಿನಲ್ಲಿ ಜರಡಿಗೆ ಜಾಗ ಕೊಟ್ಟಿದ್ದ ಪ್ರೊಫೆಸರ್ ಫೋನು ಮಾಡಿ ಬುದ್ಧಿ ಹೇಳಿದರು: "ಮುಂದಿನ ಆವೃತ್ತಿಯಲ್ಲಿ ಸದ್ದಿಲ್ಲದೆ ಸರಿಮಾಡಿಬಿಡಿ. ಯಾರಿಗೂ ಗೊತ್ತಾಗಲ್ಲ."

"ಗೊತ್ತಾಗಲ್ಲ ಅನ್ನೋದೇ ತೊಂದರೆ ಸರ್," ಎಂದರಂತೆ ಇವರು.

ಆರುನೂರ ನಲವತ್ತು ವಿಳಾಸಗಳಿಗೆ ಏಳು ಸಾಲಿನ ಪತ್ರ ಹೋಯಿತು. ಮೊದಲ ಸಾಲು: 'ತಪ್ಪು ನನ್ನದು.' ಎರಡನೆಯದರಲ್ಲಿ ತಪ್ಪು ಏನೆಂದು, ಮಿಕ್ಕವುಗಳಲ್ಲಿ ಯಾವ ಯಾವ ಫಲಿತಾಂಶಗಳನ್ನು ಮತ್ತೆ ನೋಡಬೇಕೆಂದು ಇತ್ತು. ಮುಂದಿನ ಆರು ವಾರ ಬಂದ ಉತ್ತರಗಳನ್ನು ಅತ್ತೆಗೆ ಓದಿ ಹೇಳಲು ಅವರಿಗೆ ಮನಸ್ಸಾಗಲಿಲ್ಲ. ಇನ್ನೂರಕ್ಕೂ ಹೆಚ್ಚು ಪ್ರಯೋಗಾಲಯಗಳು ಜರಡಿಯನ್ನು ಕೈಬಿಟ್ಟವು.

ಆಸ್ಪತ್ರೆ ವಿಚಾರಣೆಯನ್ನು ಮುಂದೂಡಿತು. ನರ್ಸಿನ ಮಾದರಿಯನ್ನು ಮತ್ತೆ ಓದಿಸಿದಾಗ ವ್ಯತ್ಯಾಸ ಎಪ್ಪತ್ತೊಂದು. ವಾರ್ಡನ್ನು ಪೂರ್ತಿ ಜಾಲಾಡಿದಾಗ ಬಾಟಲಿ ತೊಳೆಯುವ ಸಿಂಕಿನ ಕೊಳವೆಯೊಳಗೆ ಮಗುವಿನದಕ್ಕಿಂತ ಎರಡೇ ಅಕ್ಷರ ಬೇರೆಯಿದ್ದ ಬ್ಯಾಕ್ಟೀರಿಯಾ ಸಿಕ್ಕಿತು. ಮನೆಯಲ್ಲಿ ಹತ್ತೊಂಬತ್ತು ದಿನ ಕೂತಿದ್ದ ನರ್ಸ್ ಇಪ್ಪತ್ತನೆಯ ದಿನ ಕೆಲಸಕ್ಕೆ ಹೋದರು.

ಒಂದು ಸಲ ಆ ನರ್ಸ್ ಫೋನು ಮಾಡಿದ್ದರು. ಸಂಖ್ಯೆ ಎಲ್ಲಿ ಸಿಕ್ಕಿತೋ. ಮಾತು ಒಂದು ನಿಮಿಷವೂ ನಡೆಯಲಿಲ್ಲ.

"ಆ ಪ್ರೋಗ್ರಾಂ ಬರೆದೋರು ನೀವೇನಾ?"

"ಹೌದು."

"ತಪ್ಪು ಅಂತ ಹೇಳಿದ್ದು ನೀವೇ ಅಂದ್ರು."

"ಹೌದು."

"ಮೊದಲು ನಾನೇ ಅಂತ ಹೇಳಿದ್ದೂ ನೀವೇ ತಾನೆ?"

"ಅದೂ ನಾನೇ."

ಆ ಕಡೆ ಏನೂ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಆ ನರ್ಸ್ "ಸರಿ, ನನಗೆ ಡ್ಯೂಟಿ ಇದೆ" ಎಂದು ಫೋನು ಇಟ್ಟರು.

"ಕ್ಷಮಿಸಿದ್ರಾ ಇಲ್ವಾ, ಗೊತ್ತಿಲ್ಲ," ಎನ್ನುತ್ತಾರೆ ಜರಡಿಯಮ್ಮ. "ಸುಮ್ಮನಿದ್ರು ಅಂತ ನಾನೇ ಒಂದು ಅರ್ಥ ತುಂಬಿಕೊಳ್ಳೋಕೆ ಆಗತ್ತಾ? ಅದೊಂದು ಕಲಿತಾಯ್ತಲ್ಲ. ಡ್ಯೂಟಿ ಇದೆ ಅಂದ್ರು, ಅದು ಮಾತ್ರ ಕಿವಿಯಾರೆ ಕೇಳಿದೆ."

ಹಳೆಯ ಆ ಒಂದು ಸಾಲನ್ನು ಅಳಿಸಿ ಮುನ್ನೂರು ಸಾಲು ಹೊಸದಾಗಿ ಬರೆಯಬೇಕಾಯಿತು. ಈಗ ಜರಡಿ ಖಾಲಿಯನ್ನು ಖಾಲಿಯೆಂದೇ ಬಿಡುತ್ತದೆ. ಎಷ್ಟು ಅಕ್ಷರ ಓದಲಾಗಲಿಲ್ಲ ಎಂಬುದು ಫಲಿತಾಂಶಕ್ಕೂ ಮೊದಲು, ಎಲ್ಲಕ್ಕಿಂತ ಮೇಲೆ ಬರುತ್ತದೆ. ತೀರಾ ಕಡಿಮೆ ಓದಿದ್ದರೆ ವ್ಯತ್ಯಾಸದ ಅಂಕಿಯನ್ನೇ ಕೊಡುವುದಿಲ್ಲ, 'ಗೊತ್ತಿಲ್ಲ' ಎಂದು ಬರೆದು ನಿಲ್ಲುತ್ತದೆ.

ಅವರಿಗೆ ಒಂದು ಆಸೆಯಿದೆ. "ಇದನ್ನ ನನ್ನ ಜೊತೆ ಓದೋರು ಇನ್ನೊಬ್ಬರು ಬೇಕು. ಜಾಣರೇ ಆಗಬೇಕು ಅಂತಿಲ್ಲ. ನಾನು ಬರೆದಿದ್ದನ್ನ ಹತ್ತು ವರ್ಷ ನಾನೇ ಓದ್ತಾ ಬಂದೆ. 'ನಾಳೆ ಸರಿಮಾಡಬೇಕು' ಅನ್ನೋ ಸಾಲನ್ನ ಎಷ್ಟು ಸಲ ದಾಟಿ ಹೋಗಿದ್ದೀನೋ. ಕಣ್ಣಿಗೆ ಅಭ್ಯಾಸ ಆಗಿಹೋದ್ರೆ ಆನೆನೂ ಕಾಣಲ್ಲ." ಆ ಇನ್ನೊಬ್ಬರು ಈವರೆಗೆ ಬಂದಿಲ್ಲ.

ಏಳೂ ಇಪ್ಪತ್ತಕ್ಕೆ ಕೊನೆಯ ಪತ್ರ ತೆರೆಯುತ್ತಾರೆ. 'ನಿಮ್ಮ ಜರಡಿ ಮಾತೆತ್ತಿದರೆ ಗೊತ್ತಿಲ್ಲ ಎನ್ನುತ್ತದೆ. ಬೇರೆಯವು ಉತ್ತರವನ್ನಾದರೂ ಕೊಡುತ್ತವೆ.' ನಿಮ್ಮ ಮಾದರಿ ತೆಳುವಾಗಿದೆ, ದಯವಿಟ್ಟು ಮತ್ತೊಮ್ಮೆ ಓದಿಸಿ ಎಂದು ಎರಡು ಸಾಲು ಬರೆದು ಕಳಿಸಿ, ಲ್ಯಾಪ್‌ಟಾಪ್ ಮುಚ್ಚಿ, ಕ್ಲಿಪ್ಪುಗಳನ್ನು ಬಟ್ಟೆಯ ಹಗ್ಗಕ್ಕೆ ಸಿಕ್ಕಿಸುತ್ತಾರೆ.

"ಒಟ್ಟು ಎಷ್ಟಾಯ್ತು?" ಅತ್ತೆ ಕೇಳುತ್ತಾರೆ.

"ನಾಲ್ಕು."

"ಬೇಜಾರಾ?"

ಸೊಸೆ ಸಿಂಕಿನಲ್ಲಿದ್ದ ಲೋಟ ತೊಳೆದು ಬೋರಲು ಹಾಕುತ್ತಾರೆ. "ಸುಳ್ಳು ಹೇಳ್ತಿದ್ದಾಗ ಹೊಗಳಿದ್ರು ಅತ್ತೆ. ಈ ಬೈಗುಳವೇ ವಾಸಿ."