ಕೆಸರು ಓದಲು ಕಲಿಸಿದ ನೀರುಗಂಟಿ

ಅಜ್ಜನ ಕಾಲುಗಳಿಗೆ ಎರಡು ಬಣ್ಣ. ಮಂಡಿಯಿಂದ ಕೆಳಗೆ ಕೆರೆಯ ಕೆಸರು ಹಿಡಿದ ಬೂದಿಗಪ್ಪು, ಮೇಲೆ ನಮ್ಮ ನಿಮ್ಮಂತೆ ಕಂದು. ನಡುವೆ ದಾರ ಹಿಡಿದು ಎಳೆದ ಹಾಗೆ ಒಂದು ಗೆರೆ. ಮಗಳ ಮದುವೆಯ ದಿನ ಅರ್ಧ ಸೋಪು ಸವೆಸಿದರೂ ಆ ಗೆರೆ ಹೋಗಲಿಲ್ಲವೆಂದು ಅವರ ಹೆಂಡತಿ ಇಂದಿಗೂ ಹೇಳುತ್ತಾರೆ.

ಊರಿಗೆಲ್ಲ ಅಜ್ಜನಾದ ಅವರು ಸೊರಬದ ಕಡೆಯ ಜಡೆ ಎಂಬ ಊರಿನ ಹತ್ತಿರದ ಒಂದು ದೊಡ್ಡ ಕೆರೆಯ ನೀರುಗಂಟಿ. ನೀರು ಬಿಡುವ ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಯಾವತ್ತು ನೀರು ಎಂದು ತೀರ್ಮಾನಿಸುವುದು ಅವರ ಮನೆತನದ ಕೆಲಸ. ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರುಮಾಲಿನೊಳಗೆ ಇಟ್ಟುಕೊಳ್ಳುತ್ತಿದ್ದರು. ಯಾರೇ ಫೋನ್ ಮಾಡಲಿ, "ನಿನ್ ಪಾಳಿ ನಾಳೆ" ಎಂದು ಹೇಳಿ ಇಟ್ಟುಬಿಡುವುದು ಅವರ ಪದ್ಧತಿ. ಆನವಟ್ಟಿಯಲ್ಲಿ ಬಸ್ಸು ತಪ್ಪಿ, ಬರುವುದು ತಡವಾಗುತ್ತದೆಂದು ನಾನು ಫೋನ್ ಮಾಡಿದಾಗಲೂ ನನ್ನ ಪಾಳಿ ನಾಳೆಯೆಂದೇ ಹೇಳಿದರು.

ನಾನು ಶಿಕಾರಿಪುರದವಳು. ಕೆರೆಗಳ ತಳದ ಕೆಸರಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದೆ. ಈ ಕೆರೆಗೆ ಏರಿ ಕಟ್ಟುವುದಕ್ಕೂ ಸಾವಿರಾರು ವರ್ಷ ಮೊದಲೇ ಅಲ್ಲಿ ತಾನಾಗಿ ನೀರು ನಿಂತ ಒಂದು ಸರೋವರವಿತ್ತು ಎಂಬುದು ನಮ್ಮ ಲೆಕ್ಕಾಚಾರ. ತಳಕ್ಕೆ ಪೈಪು ಇಳಿಸಿ, ಒಳಗೆ ತುಂಬಿದ ಕೆಸರನ್ನು ಕದಡದೆ ಮೇಲೆತ್ತಿದರೆ ಒಂದರ ಮೇಲೊಂದು ಪದರ ಸಿಗುತ್ತದೆ. ಕೆಳಗಿನದು ಹಳೆಯದು, ಮೇಲಿನದು ಹೊಸದು. ಆಯಾ ಪದರದ ಹೂವಿನ ಪರಾಗ, ಇದ್ದಿಲಿನ ಚೂರು ನೋಡಿ ಆಗ ಕಾಡಿತ್ತೋ ಗದ್ದೆಯಿತ್ತೋ, ಮಳೆಯೋ ಬರವೋ ಹೇಳಬಹುದು. ಇದನ್ನೆಲ್ಲ ಮೊದಲ ದಿನ ಏರಿಯ ಮೇಲೆ ನಿಂತು ಅಜ್ಜನಿಗೆ ಅರ್ಧ ಗಂಟೆ ವಿವರಿಸಿದೆ.

ಅವರು ಬೀಡಿ ಮುಗಿಸಿ ಕೇಳಿದ್ದು ಒಂದೇ ಪ್ರಶ್ನೆ. "ಈ ಕೆರೆ ಯಾವತ್ತಾರ ಪೂರ್ತಿ ಒಣಗಿತ್ತಾ? ಅದು ಗೊತ್ತಾಗ್ತೈತಾ?"

"ಗೊತ್ತಾಗುತ್ತೆ ಅಜ್ಜ."

"ಒಣಗಿಲ್ಲ. ನಮ್ ಮನೆತನ ತೂಬು ಹಿಡಿದ ಮೇಲೆ ಒಂದಿನಾನೂ ಒಣಗಿಲ್ಲ. ನೀನು ಬರಿ ನೋಡಿ ಬರ್ಕಂಡು ಬಾ ಸಾಕು."

ಅವತ್ತು ಸಂಜೆಯೇ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ, ತಮ್ಮ ಮನೆತನ ಕೆರೆ ಒಣಗಗೊಡಲಿಲ್ಲವೆಂದು ಸರ್ಕಾರ ಸೀಲು ಹಾಕಿ ಕಾಗದ ಕೊಡುತ್ತದೆ, ಅದಕ್ಕೇ ಶಿಕಾರಿಪುರದಿಂದ ಮೇಡಂ ಬಂದಿದ್ದಾರೆ ಎಂದು ಸುದ್ದಿ ಹಬ್ಬಿಸಿದರು. ಮರುದಿನದಿಂದ ಚಹಾದಂಗಡಿಯವರು ನನ್ನನ್ನು ಕಂಡಾಗಲೆಲ್ಲ "ಕಾಗದ ಬಂತೇನ್ರೀ?" ಎಂದು ಕೇಳತೊಡಗಿದರು. ಕಾಗದ ಬಾರದಿದ್ದರೆ ಅಜ್ಜ ಆ ಬೆಂಚಿನ ಮೇಲೆ ಮತ್ತೆ ಕೂರುವ ಹಾಗಿರಲಿಲ್ಲ.

ನಾಲ್ಕು ಡ್ರಮ್ಮುಗಳಿಗೆ ಹಲಗೆ ಬಿಗಿದು ತೆಪ್ಪ ಮಾಡಿದೆವು. ದಡಕ್ಕೆ ಹತ್ತಿರ, ನನಗೆ ಅನುಕೂಲವಾದ ಕಡೆ ಮೂರು ದಿನ ಪೈಪು ಇಳಿಸಿದೆವು. ಅಜ್ಜ ತೆಪ್ಪದ ಮೂಲೆಯಲ್ಲಿ ಕೂತು ಮೀಸೆಯೊಳಗೇ ನಗುತ್ತಿದ್ದರು. ನಾಲ್ಕನೆಯ ದಿನ ಪೈಪು ಸೀಳಿ ನೋಡಿದರೆ ಮೂರಡಿ ಆಳದಲ್ಲಿ, ಸಾವಿರ ವರ್ಷ ಹಳೆಯದಿರಬೇಕಾದ ಕೆಸರಿನಲ್ಲಿ, ಒಂದು ರೂಪಾಯಿಯ ಶಾಂಪೂ ಪೊಟ್ಟಣ.

"ಬೇಸಿಗೇಲಿ ಊರೋರೆಲ್ಲ ಇಲ್ಲೇ ಅಲ್ವಾ ಹೂಳು ತೆಗ್ದು ಗದ್ದೆಗೆ ಹೊಡಿಯೋದು? ಗುಂಡಿ ಮತ್ತೆ ಮಳೇಲಿ ತುಂಬ್ಕಂತೈತೆ. ಮೇಲಿಂದು ಕೆಳಗೆ, ಕೆಳಗಿಂದು ಮೇಲೆ" ಎಂದರು ಅಜ್ಜ.

"ಮೊದಲೇ ಹೇಳಬಾರದಿತ್ತಾ?"

"ನೀನು ಕೇಳ್ಲಿಲ್ಲ. ಓದಿದೋರಿಗೆ ಕೇಳದೆ ಏನೂ ಹೇಳಬ್ಯಾಡ ಅಂತ ನಮ್ ಮನೆಯಾಕಿ ಅಂದಾಳೆ."

ನನಗೆ ಅಳು ಬಂತು. ಮಳೆ ಶುರುವಾಗಲು ಹದಿನೈದು ದಿನವಿತ್ತು, ಕೆರೆ ತುಂಬಿದರೆ ಒಂದು ವರ್ಷ ಹೋದಂತೆ. ಅಜ್ಜ ನನ್ನ ಮುಖ ನೋಡಿ ಕಿವಿ ಕೆರೆದುಕೊಂಡರು. ಆಮೇಲೆ ಕೆರೆಯ ನಡುವೆ ನಿಂತಿದ್ದ ಕಲ್ಲುಕಂಬ ತೋರಿಸಿದರು. ಅದರ ಸುತ್ತ ಭತ್ತ ಬಡಿಯುವ ಕಣದಷ್ಟು ಜಾಗ ಗಂಗಮ್ಮನದು. ಅಲ್ಲಿ ಹಿಂದಿನಿಂದಲೂ ಯಾರೂ ಹೂಳು ತೆಗೆಯುವುದಿಲ್ಲ, ಗುದ್ದಲಿ ಹಾರೆ ತಾಗಿಸುವುದಿಲ್ಲ. ಅಂದರೆ ಯಾರೂ ಕದಡದ ಕೆಸರು ಇದ್ದದ್ದು ಅಲ್ಲಿ ಮಾತ್ರ.

"ಆದ್ರೆ ಅಲ್ಲಿ ಕಬ್ಬಿಣ ಇಳಿಸಂಗಿಲ್ಲ" ಎಂದು ತಮಗೆ ತಾವೇ ಹೇಳಿಕೊಂಡು ನನ್ನ ಪೈಪನ್ನು ಬೆರಳಿನಿಂದ ತಟ್ಟಿ ನೋಡಿದರು. "ಇದು ಪ್ಲಾಸ್ಟಿಕ್. ಪ್ಲಾಸ್ಟಿಕ್ ಬಗ್ಗೆ ಹಿರಿಯೋರು ಏನೂ ಹೇಳಿಲ್ಲ."

ಎರಡು ವಾರದಲ್ಲಿ, ಒಂದೇ ಕುಳಿಯಲ್ಲಿ ಒಂದರ ಕೆಳಗೊಂದರಂತೆ ಇಳಿಸಿದ ಮೀಟರುದ್ದದ ಐದು ಪೈಪು ತುಂಬ ಚಂದದ ಕಪ್ಪು ಕೆಸರು ಸಿಕ್ಕಿತು. ಅದನ್ನು ಪ್ರಯೋಗಾಲಯಕ್ಕೆ ಒಯ್ದು ತಿಂಗಳುಗಟ್ಟಲೆ ಸೂಕ್ಷ್ಮದರ್ಶಕದ ಮುಂದೆ ಕೂತೆ. ಒಂದು ಬೆಳಿಗ್ಗೆ ನನ್ನ ಮಾರ್ಗದರ್ಶಕರು ಕರೆದು, "ಏನಮ್ಮಾ, ನಿಮ್ಮ ಸೊರಬದಲ್ಲಿ ಮೀಟರಿಗೊಂದು ಸಲ ಚೆಂಡುಹೂವಿನ ಜಾತ್ರೆ ನಡೀತಿತ್ತಾ?" ಎಂದರು. ಪ್ರತಿ ಪೈಪಿನ ತುದಿಯಲ್ಲೂ ಚೆಂಡುಹೂವಿನ ಪರಾಗ ಗಿಜಿಗುಡುತ್ತಿತ್ತು. ಆ ಹೂವು ಹೊರದೇಶದಿಂದ ನಮ್ಮ ನೆಲಕ್ಕೆ ಬಂದದ್ದೇ ನಾಲ್ಕೈದು ಶತಮಾನದ ಈಚೆಗೆ, ಸಾವಿರಾರು ವರ್ಷ ಹಳೆಯ ಕೆಸರಿನಲ್ಲಿ ಅದು ಇರುವಂತೆಯೇ ಇಲ್ಲ.

ನಾನು ಅಜ್ಜನಿಗೆ ಫೋನ್ ಮಾಡಿದೆ. "ನಿನ್ ಪಾಳಿ..." ಎನ್ನುವಷ್ಟರಲ್ಲಿ "ಅಜ್ಜಾ, ಪೈಪಿಗೆ ಹೂವು ಹಾಕಿದ್ರಾ?" ಎಂದು ಕೂಗಿದೆ.

"ಹಾಕದೆ? ಗಂಗಮ್ಮನ ಹೊಟ್ಟೆಗೆ ಕೈ ಹಾಕ್ತೀವಿ, ಬರಿಗೈಲಿ ಹೋಗಕ್ಕಾಗ್ತೈತಾ? ಒಂದೊಂದು ಪೈಪಿಗೂ ಒಂದೊಂದು ಹೂವಿನ ಎಸಳು. ನೀನು ಆ ಕಡೆ ತಿರುಗ್ದಾಗ ಹಾಕ್ದೆ, ಬೈತೀಯ ಅಂತ."

ಬೈದೆ. ಆಮೇಲೆ ಪ್ರತಿ ಪೈಪಿನ ತುದಿಯನ್ನು ಕತ್ತರಿಸಿ ಎಸೆದು ಎಲ್ಲವನ್ನೂ ಮೊದಲಿನಿಂದ ಎಣಿಸಿದೆ. ಅಂದಿನಿಂದ ಯಾವ ಕೆರೆಗೆ ಹೋದರೂ, ಪೈಪು ಇಳಿಸುವ ಮೊದಲು ಅಲ್ಲಿಯ ಹಿರಿಯರನ್ನು ಎರಡು ಮಾತು ಕೇಳುತ್ತೇನೆ: ಹೂಳು ಎಲ್ಲಿ ತೆಗೆಯುತ್ತೀರಿ, ಹೂವು ಎಲ್ಲಿ ಹಾಕುತ್ತೀರಿ. ಇದನ್ನು ಯಾವ ಪಠ್ಯದಲ್ಲೂ ನಾನು ಓದಿರಲಿಲ್ಲ.

ಎರಡನೆಯ ಎಣಿಕೆಯಲ್ಲಿ ಸಿಕ್ಕಿತು ಆ ಪದರ. ಗೇಣು ದಪ್ಪ, ಕೆಂಚು ಬಣ್ಣ, ಬಿರುಕು ಬಿಟ್ಟ ಗುರುತು. ನೀರಿನ ಗಿಡಗಳ ಪರಾಗವೇ ಇಲ್ಲ, ಬರೀ ಹುಲ್ಲು. ಕೆರೆ ಪೂರ್ತಿ ಒಣಗಿತ್ತು. ಒಂದೆರಡು ವರ್ಷವಲ್ಲ, ಹಲವು ತಲೆಮಾರು. ಮಾರ್ಗದರ್ಶಕರು ಕುರ್ಚಿಯಿಂದ ಎದ್ದು ಕೈಕುಲುಕಿದರು. ನನ್ನ ಪಿಎಚ್‌ಡಿಗೆ ಅದಕ್ಕಿಂತ ದೊಡ್ಡ ವರ ಇರಲಿಲ್ಲ, ಅಜ್ಜನಿಗೆ ಅದಕ್ಕಿಂತ ದೊಡ್ಡ ಅವಮಾನ ಇರಲಿಲ್ಲ.

ಅಷ್ಟರಲ್ಲಿ ಅಜ್ಜ ಮಲಗಿದ್ದಾರೆ, ಏಳುವುದು ಕಷ್ಟ ಎಂಬ ಸುದ್ದಿ ಬಂತು. ಶಿಕಾರಿಪುರದಿಂದ ಜಡೆಯವರೆಗೂ ಬಸ್ಸಿನಲ್ಲಿ ಒಂದು ಸುಳ್ಳನ್ನು ಬಾಯಿಪಾಠ ಮಾಡಿಕೊಂಡು ಹೋದೆ. ಅವರು ಚಾಪೆಯ ಮೇಲಿಂದ ನನ್ನನ್ನು ನೋಡಿ, "ಒಣಗಿತ್ತಾ?" ಎಂದಷ್ಟೇ ಕೇಳಿದರು. ನನ್ನ ಬಾಯಿಗೆ ಸುಳ್ಳು ಬರಲಿಲ್ಲ.

"ಒಣಗಿತ್ತು ಅಜ್ಜ. ಬಹಳ ಹಿಂದೆ."

ಅವರು ಗೋಡೆಯ ಕಡೆ ತಿರುಗಿದರು. ಹೆಂಡತಿ ಚಹಾ ತಂದಿಟ್ಟು, ಇದನ್ನು ಹೇಳೋಕೆ ಇಷ್ಟು ದೂರ ಬರಬೇಕಿತ್ತಾ ಎಂಬಂತೆ ನನ್ನನ್ನು ನೋಡಿದರು. ನನಗೂ ಹಾಗೆಯೇ ಅನ್ನಿಸುತ್ತಿತ್ತು. ಅಜ್ಜನ ಮಾತು ಗೋಡೆಯ ಕಡೆಯಿಂದಲೇ ಬಂತು.

"ಅಷ್ಟು ವರ್ಷ ನೀರುಗಂಟಿ ಏನ್ ಮಾಡ್ತಿದ್ದ? ಬೀಡಿ ಸೇದ್ತಾ ಕೂತಿದ್ನಾ?"

"ಆಗ ಏರಿಯೇ ಇರಲಿಲ್ಲ ಅಜ್ಜ. ತೂಬಿರಲಿಲ್ಲ. ನೀರುಗಂಟಿಯೂ ಇರಲಿಲ್ಲ."

"ಏರಿ ಹಾಕಿದ ಮ್ಯಾಲೆ?"

"ಆಮೇಲೆ ಬರೀ ಕಪ್ಪು ಕೆಸರು. ನಡುವೆ ಎಲ್ಲೂ ಬಿರುಕಿಲ್ಲ."

ಅಜ್ಜ ಮೆಲ್ಲಗೆ ಇತ್ತ ಹೊರಳಿದರು. ಕಣ್ಣಲ್ಲಿ ತೆಪ್ಪದ ಮೂಲೆಯ ಆ ನಗು. "ಹಂಗಾರೆ ನಾನು ಹೇಳಿದ್ದೇ ಖರೆ ಅಲ್ವೇನು ತಂಗಿ? ನಾವಿದ್ದಾಗ ಒಣಗಿಲ್ಲ. ನಾವಿಲ್ದಾಗ ಒಣಗೈತೆ. ಹಂಗೇ ಬರಿ."

ಮರುವರ್ಷದ ಮಳೆಗಾಲದಲ್ಲಿ ಕೆರೆ ತುಂಬಿ ಕೋಡಿ ಬಿದ್ದ ವಾರ ಅಜ್ಜ ಹೋದರು. ನಾನು ಹಂಗೇ ಬರೆದೆ: ಏರಿ ಕಟ್ಟಿ, ತೂಬು ಕಾಯುವವರು ಬಂದ ಮೇಲೆ ಈ ಕೆರೆ ಒಣಗಿದ ಕುರುಹಿಲ್ಲ, ಅದಕ್ಕೆ ಆ ಕಾಯುವವರೇ ಕಾರಣ. ಮಾರ್ಗದರ್ಶಕರು ವಾಕ್ಯದ ಕೊನೆಯ ತುಂಡಿಗೆ ಕೆಂಪು ಗೆರೆ ಎಳೆದು, "ಆಧಾರವೇನು?" ಎಂದು ಪಕ್ಕದಲ್ಲಿ ಬರೆದರು. ನನ್ನ ಬಳಿ ಆಧಾರ ಇರಲಿಲ್ಲ. ತೆಗೆದುಹಾಕಿದೆ.

ಅವರ ಜಾಗಕ್ಕೆ ಊರಿನಲ್ಲಿ ಯಾರೂ ಬರಲಿಲ್ಲ. ಎಲ್ಲರೂ ತಮಗೆ ಬೇಕಾದಾಗ ತೂಬು ಎತ್ತುತ್ತಾರೆ, ಇಳಿಸುವುದು ಯಾರ ಕೆಲಸವೂ ಅಲ್ಲ. ಈ ಬೇಸಿಗೆ ಆನವಟ್ಟಿಯಿಂದ ಜಡೆಗೆ ಹೋಗುವಾಗ ಬಸ್ಸು ಏರಿಯ ಮೇಲೆ ಬಂತು. ಕಿಟಕಿಯಿಂದ ನೋಡಿದೆ. ಕಲ್ಲುಕಂಬದ ಬುಡದವರೆಗೂ ಕೆರೆ ಬಿರುಕು ಬಿಟ್ಟು ಬಿದ್ದಿತ್ತು. ಮಾರ್ಗದರ್ಶಕರು ಕೇಳಿದ್ದ ಆಧಾರ ಸಿಕ್ಕಿತೆಂದು ಹೇಳಲು ಫೋನ್ ಕೈಗೆತ್ತಿಕೊಂಡೆ, ಕರೆ ಮಾಡದೆ ಮತ್ತೆ ಚೀಲದೊಳಗಿಟ್ಟೆ.