ನಾದಿನಿಯ ಮಡಿಲೇರಿದ ಕರಿ ಕೋಳಿ

ದೊಡವಾಡದ ಹೊರಗೆ ಹೊಲದಮನೆಯಲ್ಲಿರುವ ರಾಜೇಶ್ವರಿಗೆ ಕೋಳಿ ಸಾಕುವ ಆಸೆ ಹುಟ್ಟಿದ್ದು ಕೋಳಿಯ ಮೇಲಿನ ಪ್ರೀತಿಯಿಂದಲ್ಲ. ಆ ಮನೆಯಲ್ಲಿ ಬೇರೆ ಯಾರೂ ಮುಟ್ಟದಂಥದ್ದು ಏನಾದರೊಂದು ಅವಳಿಗೆ ಬೇಕಾಗಿತ್ತು.

ಅವಳು ಮುರಗೋಡದ ಮಗಳು. ಮದುವೆಯಾಗಿ ಬಂದಾಗ ಅಡುಗೆಮನೆ ಅತ್ತೆಯದು, ಕಾಳಿನ ಕೋಣೆಯ ಕೀಲಿ ಅತ್ತೆಯದು, ಹಬ್ಬಕ್ಕೆ ಯಾವ ಸೀರೆ ಉಡಬೇಕೆಂಬ ಮಾತೂ ಅತ್ತೆಯದೇ. ಅತ್ತೆ ತೀರಿಕೊಂಡ ಮೇಲೆ ಇನ್ನು ಈ ಮನೆ ತನ್ನದು ಎಂದುಕೊಳ್ಳುವಷ್ಟರಲ್ಲಿ ಗಂಡ ಸುಭಾಸನ ತಂಗಿ ಭಾಗೀರಥಿ ವಿಧವೆಯಾಗಿ ಸಾಲಹಳ್ಳಿಯಿಂದ ತವರಿಗೆ ಬಂದಳು.

ಭಾಗೀರಥಿ ಕೆಟ್ಟವಳಾಗಿದ್ದರೆ ರಾಜೇಶ್ವರಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಅವಳು ಎದುರು ಮಾತಾಡುತ್ತಿರಲಿಲ್ಲ, ಕೆಲಸಕ್ಕೆ ಹಿಂದೆ ಸರಿಯುತ್ತಿರಲಿಲ್ಲ. ಆದರೆ ಎಮ್ಮೆ ಅವಳ ಕೈಗೆ ಹೆಚ್ಚು ಹಾಲು ಕೊಡತೊಡಗಿತು. ಮಗಳು ಮಧು ಕಾಲೇಜಿನಿಂದ ಬಂದವಳು ಚೀಲ ಇಳಿಸುವ ಮೊದಲೇ ಭಾಗೀರಥಿ ಅತ್ತೆ ಎಲ್ಲಿ ಎಂದು ಕೇಳುತ್ತಿದ್ದಳು. ಊಟಕ್ಕೆ ಕೂತ ಸುಭಾಸ, ಇವತ್ತು ರೊಟ್ಟಿ ತೆಳ್ಳಗಾಗಿವೆ ಎಂದರೆ ಅವನ್ನು ಬಡಿದವಳು ಭಾಗೀರಥಿಯೇ ಆಗಿರುತ್ತಿದ್ದಳು. ಹಾಗೆಂದಾಗಲೆಲ್ಲ ರಾಜೇಶ್ವರಿಯ ಎದೆಯೊಳಗೆ ಹಸಿಮೆಣಸಿನಕಾಯಿ ಕಿವುಚಿದಂತಾಗುತ್ತಿತ್ತು.

ಅವರದು ತತ್ತಿ ಮುಟ್ಟದ ಮನೆತನ. ಕೋಳಿಯ ಮಾತೆತ್ತಿದಾಗ ಸುಭಾಸ ಊಟದ ತಾಟಿನ ಮುಂದಿನಿಂದ ಎದ್ದೇ ಹೋದ. ಲಿಂಗ ಕಟ್ಟಿಕೊಂಡವರ ಮನೆಯಲ್ಲಿ ಇದೆಂಥ ಮಾತು ಎಂದು ಭಾಗೀರಥಿಯೂ ಅಂದಳು. ರಾಜೇಶ್ವರಿ ಬಿಡಲಿಲ್ಲ. ಕೊನೆಗೆ ದನದ ಕೊಟ್ಟಿಗೆಯ ಹಿಂದೆ, ಬೇವಿನ ಗಿಡದಾಚೆ ಗೂಡು ಕಟ್ಟಬೇಕು, ತತ್ತಿ ಹೊಸ್ತಿಲೊಳಗೆ ಬರಬಾರದು, ಅಲ್ಲಿಂದಲೇ ಊರಿನ ಅಂಗಡಿಗೆ ಹೋಗಬೇಕು ಎಂದು ಒಪ್ಪಂದವಾಯಿತು. ನಾನಂತೂ ಆ ಕಡೆ ಹಾಯುವುದಿಲ್ಲ ಎಂದು ಭಾಗೀರಥಿ ಹೇಳಿದ್ದು ರಾಜೇಶ್ವರಿಗೆ ಎಲ್ಲಕ್ಕಿಂತ ಹಿತವಾಗಿ ಕೇಳಿಸಿತು.

ಬೈಲಹೊಂಗಲದಿಂದ ಅವಳು ತಂದದ್ದು ಒಂದೇ ಜಾತಿಯ ಕೋಳಿಗಳನ್ನಲ್ಲ. ಮೈತುಂಬಿದ ಗಿರಿರಾಜ ಎರಡು, ಫಾರಂನಲ್ಲಿ ಬೆಳೆದ ಕಂದು ಬಣ್ಣದವು ಎರಡು, ಜವಾರಿ ಮೂರು, ಜೊತೆಗೊಂದು ಕೆಂಪು ಹುಂಜ. ಮೊದಲ ದಿನಗಳಲ್ಲಿ ಅವುಗಳನ್ನು ನೋಡುತ್ತ ಕೂರುವುದೇ ಅವಳ ಕೆಲಸವಾಯಿತು. ಕಂದು ಕೋಳಿಗಳಿಗೆ ಕೆದರಿ ತಿನ್ನಲು ಬರುತ್ತಿರಲಿಲ್ಲ. ಪಾತ್ರೆಯ ಸಪ್ಪಳಕ್ಕಾಗಿ ಕಾಯುತ್ತಿದ್ದವು. ಜವಾರಿ ಕೋಳಿಗಳು ಸಂಜೆಯಾದರೆ ಗೂಡು ಬಿಟ್ಟು ಬೇವಿನ ಟೊಂಗೆ ಹುಡುಕುತ್ತಿದ್ದವು. ಗಿರಿರಾಜದಲ್ಲಿ ಒಂದು, ಎಲ್ಲರಿಗಿಂತ ಮೊದಲು ತಾನೇ ತಿನ್ನಬೇಕೆನ್ನುವಂಥದ್ದು. ಅದಕ್ಕೆ ಅವಳು ಗೌಡ್ತಿ ಎಂದು ಹೆಸರಿಟ್ಟಳು. ಜವಾರಿಗಳಲ್ಲಿ ಚಿಕ್ಕದಾದ ಕರಿ ಕೋಳಿ ಮಾತ್ರ ಯಾವಾಗಲೂ ಅಂಚಿನಲ್ಲೇ ಇರುತ್ತಿತ್ತು. ಅವಳು ಬಾ ಬಾ ಎಂದು ಕೂಗಿದರೆ ಉಳಿದವೆಲ್ಲ ರೆಕ್ಕೆ ಬಿಚ್ಚಿ ಓಡಿ ಬರುತ್ತಿದ್ದವು. ತನ್ನ ದನಿಗೆ ಹಾಗೆ ಓಡಿ ಬರುವ ಜೀವಗಳು ಅವಳಿಗೆ ಹಿಂದೆಂದೂ ಇರಲಿಲ್ಲ.

ಜೋಳ ಹಸನು ಮಾಡುವ ದಿನಗಳು ಬಂದವು. ಭಾಗೀರಥಿ ಮೊರ ಹಿಡಿದು ಬೇವಿನ ನೆರಳಿಗೆ ಬಂದು ಕೂತಳು. ಉಳಿದೆಡೆಯೆಲ್ಲ ಬಿಸಿಲು ಎಂಬುದು ನಿಜವೇ. ಮೊರದಿಂದ ಚಿಮ್ಮಿದ ಒಡಕು ಕಾಳಿಗೆ ಕೋಳಿಗಳು ಬಂದವು, ಮರುದಿನವೂ ಬಂದವು. ಒಂದು ಸಂಜೆ ರಾಜೇಶ್ವರಿ ಕೂಗಿದಾಗ ಹುಂಜ ಬಿಟ್ಟರೆ ಒಂದೂ ತಿರುಗಿ ನೋಡಲಿಲ್ಲ. ಎಲ್ಲವೂ ಭಾಗೀರಥಿಯ ಸುತ್ತ ಇದ್ದವು. ಕರಿ ಕೋಳಿ ಅವಳ ಮಡಿಲಲ್ಲಿ ಕಣ್ಣು ಮುಚ್ಚಿ ಕೂತಿತ್ತು.

ರಾಜೇಶ್ವರಿ ಕೈಯಲ್ಲಿದ್ದ ಕಾಳನ್ನು ನೆಲಕ್ಕೆ ಎರಚಿ, ಮುಟ್ಟುವುದಿಲ್ಲ ಎಂದವಳು ಮಡಿಲಿಗೇರಿಸಿಕೊಂಡೆಯಲ್ಲ ಎಂದಳು. ಉಳಿದವು ಇದನ್ನು ಕುಕ್ಕುತ್ತಿವೆ, ಅದಕ್ಕೇ ಎತ್ತಿಕೊಂಡೆ ಎಂದಳು ಭಾಗೀರಥಿ. ರಾಜೇಶ್ವರಿ ನಂಬಲಿಲ್ಲ.

"ನಾಳಿಂದ ನೀ ಈ ಕಡೆ ಬರಬ್ಯಾಡ," ಎಂದಳು. "ಮನ್ಯಾಗ ಎಲ್ಲಾರೂ ನಿನ್ನವರ ಆಗ್ಯಾರ. ಇವನ್ನರ ನನಗ ಬಿಡು."

ಭಾಗೀರಥಿ ಕರಿ ಕೋಳಿಯನ್ನು ಮೆಲ್ಲಗೆ ಇಳಿಸಿ, ಸೆರಗು ಜಾಡಿಸಿ ಎದ್ದು ಅತ್ತಿಗೆಯ ಎದುರು ನಿಂತಳು.

"ನಿಮಗ ಗಂಡ ಅದಾನ, ಮಗಳದಾಳ, ಮನಿ ಐತಿ. ನಾ ಒಬ್ಬಾಕಿ ಕುಂತಲ್ಲಿ ಒಂದ್ ಕೋಳಿ ಬಂದು ಕುಂತ್ರ, ಅಷ್ಟೂ ನಿಮಗ ಆಗಂಗಿಲ್ಲೇನ್ರಿ ವೈನಿ?"

ಅಂದಿನಿಂದ ಅವಳು ಜೋಳವನ್ನು ಮುಂಭಾಗದ ಪಡಸಾಲೆಯಲ್ಲೇ ಹಸನು ಮಾಡಿದಳು. ರಾಜೇಶ್ವರಿ ಕೋಳಿಗಳ ಮನಸ್ಸು ಗೆಲ್ಲಲು ಹೊರಟಳು. ಹೊತ್ತುಹೊತ್ತಿಗೆ ಗೋವಿನಜೋಳ ಹಾಕಿದಳು, ಶೇಂಗಾ ಹಾಕಿದಳು, ಮೊಸರನ್ನ ಕಲಸಿ ಇಟ್ಟಳು. ಕೋಳಿಗಳು ಕೊಬ್ಬಿದವು; ತತ್ತಿ ಕಡಿಮೆಯಾದವು. ಭಾಗೀರಥಿಯ ಕಣ್ಣು ತಾಕಿತು ಎಂದು ಅವಳು ಸುಭಾಸನ ಮುಂದೆ ಅಂದೂಬಿಟ್ಟಳು. ಅಷ್ಟು ತಿನ್ನಿಸಿದರೆ ಇನ್ನೇನಾಗುತ್ತದೆ ಎಂದು ಅವನು ನಕ್ಕ. ಆ ನಗು ಕೂಡ ತಂಗಿಯ ಪರವಾಗಿಯೇ ಬಂದಂತೆ ಅವಳಿಗೆ ಕಂಡಿತು.

ಒಂದು ಮಧ್ಯಾಹ್ನ ಗೂಡಿನ ಹಿಂದೆ ಗದ್ದಲ ಕೇಳಿ ಹೋದಳು. ಗೌಡ್ತಿಯೂ ಒಂದು ಕಂದು ಕೋಳಿಯೂ ಕರಿ ಕೋಳಿಯನ್ನು ಮೂಲೆಗೊತ್ತಿ ಕುಕ್ಕುತ್ತಿದ್ದವು. ಕುತ್ತಿಗೆಯ ಹಿಂದೆ ಪುಕ್ಕವೇ ಉಳಿದಿರಲಿಲ್ಲ, ರಕ್ತ ಇಳಿಯುತ್ತಿತ್ತು. ಅವಳು ಅವೆರಡನ್ನು ಓಡಿಸಿ ಕರಿ ಕೋಳಿಗೆ ಕೈ ಚಾಚಿದಳು. ಅದು ಅವಳಿಗೇ ಹೆದರಿ, ಜೋಳದ ಒಣದಂಟು ಒಟ್ಟಿದ ಕಣಕಿಯ ಬಣವೆಯ ಸಂದಿಗೆ ನುಗ್ಗಿತು. ಕರೆದಳು, ಕಾಳು ತೋರಿಸಿದಳು, ಕೋಲು ಹಾಕಿ ನೋಡಿದಳು. ಬರಲಿಲ್ಲ. ಯಾರನ್ನು ಕರೆದರೆ ಅದು ಬರುತ್ತದೆಂಬುದು ಅವಳಿಗೆ ಗೊತ್ತಿತ್ತು. ಸತ್ತರೆ ಸಾಯಲಿ, ಕರೆಯುವುದಿಲ್ಲ ಎಂದು ಒಂದು ಗಳಿಗೆ ನಿಂತಳು. ತನಗೆ ಬಂದ ಆ ಯೋಚನೆಗೆ ತಾನೇ ಬೆಚ್ಚಿ ಪಡಸಾಲೆಗೆ ನಡೆದಳು.

ಕರೆದ ಕೂಡಲೇ ಭಾಗೀರಥಿ ಮೊರ ಬದಿಗಿಟ್ಟು ಎದ್ದು ಬಂದಳು. ಬಣವೆಯ ಮುಂದೆ ನೆಲಕ್ಕೆ ಕೂತು ಸುಮ್ಮನೆ ಮಡಿಲು ಹರಡಿದಳು. ಬಹಳ ಹೊತ್ತಿನ ಮೇಲೆ ಕೋಳಿ ತೆವಳುತ್ತ ಬಂತು. ರಾಜೇಶ್ವರಿ ಅರಿಶಿನ ಕಲಸಿ ತಂದು ಬಟ್ಟಲು ಹಿಡಿದಳು, ಭಾಗೀರಥಿ ಹಚ್ಚಿದಳು. ಇಬ್ಬರ ತಲೆಗಳೂ ಅಷ್ಟು ಹತ್ತಿರ ಬಂದದ್ದು ಅದೇ ಮೊದಲು.

"ನೀ ಹೇಳಿದ್ದಿ, ನಾ ಕೇಳಲಿಲ್ಲ," ಎಂದಳು ರಾಜೇಶ್ವರಿ. "ಇದನ್ನ ನೀನ ನೋಡ್ಕೊ. ಆದ್ರ ಉಳಿದಾವು ನನ್ನವು."

ಭಾಗೀರಥಿ ಮೊದಲ ಸಲ ಅವಳ ಮುಂದೆ ನಕ್ಕಳು. "ಗೌಡ್ತಿ ಅಂತೂ ನಿಮ್ದರೀ," ಎಂದಳು.

ಕರಿ ಕೋಳಿಗೆ ಬಲೆ ಕಟ್ಟಿ ಬೇರೆ ಜಾಗ ಮಾಡಿದರು. ಗಾಯ ಮಾಯ್ದು ಪುಕ್ಕ ಬಂದ ಮೇಲೆ ನಿಧಾನವಾಗಿ ಉಳಿದವುಗಳೊಡನೆ ಬಿಟ್ಟರು. ಗೋವಿನಜೋಳ ಕಡಿಮೆ ಮಾಡಿದ ಮೇಲೆ ತತ್ತಿಗಳೂ ಹೆಚ್ಚಿದವು. ಚಳಿಗಾಲ ಕಳೆಯುವ ಹೊತ್ತಿಗೆ ಕರಿ ಕೋಳಿ ಕಾವಿಗೆ ಕೂತಿತು. ಅದರ ಕೆಳಗೆ ತತ್ತಿ ಇಟ್ಟವಳು ರಾಜೇಶ್ವರಿ, ನೀರು ಕಾಳು ಇಟ್ಟವಳು ಭಾಗೀರಥಿ.

ಮರಿ ಒಡೆಯುವ ದಿನ ರಾಜೇಶ್ವರಿ ಎದ್ದು ಬರುವಷ್ಟರಲ್ಲಿ ಭಾಗೀರಥಿ ಆಗಲೇ ಕಾವಿನ ಕೋಳಿಯ ಮೇಲೆ ಕವುಚಿದ ಬುಟ್ಟಿಯ ಪಕ್ಕ ಕೂತಿದ್ದಳು. ಒಳಗಿನಿಂದ ಚಿಂವ್ ಚಿಂವ್ ಸದ್ದು ಬರುತ್ತಿತ್ತು. ಮತ್ತೆ ಇವಳೇ ಮೊದಲು ನೋಡಿದಳಲ್ಲ ಎಂದು ರಾಜೇಶ್ವರಿಯ ಹೊಟ್ಟೆ ಉರಿಯಿತು.

"ನಾ ಇನ್ನಾ ನೋಡಿಲ್ರಿ ವೈನಿ," ಎಂದಳು ಭಾಗೀರಥಿ. "ನಿಮ್ಮ ಹಾದೀನ ಕಾಯಾಕ ಹತ್ತಿದ್ದೆ. ನೀವ ತಗೀರಿ."

ರಾಜೇಶ್ವರಿ ಕೂತು ಬುಟ್ಟಿ ಎತ್ತಿದಳು. ಕರಿ ಕೋಳಿಯ ರೆಕ್ಕೆಯಡಿಯಿಂದ ಹಳದಿ ಮರಿಯೊಂದು ತಲೆ ಹಾಕಿತು. ಸಂತೋಷವೇನೋ ಆಯಿತು. ಆದರೆ ಭಾಗೀರಥಿಯ ಜಾಗದಲ್ಲಿ ತಾನಿದ್ದರೆ ಹೀಗೆ ಕಾಯುತ್ತಿದ್ದೆನೇ ಎಂದು ಯೋಚಿಸಿದಾಗ ಇಲ್ಲವೆಂಬುದು ಅವಳಿಗೆ ತಿಳಿಯಿತು. ನಾದಿನಿಯ ಆ ದೊಡ್ಡ ಮನಸ್ಸಿನ ಮೇಲೂ ಅವಳಿಗೆ ಸಣ್ಣಗೆ ಹೊಟ್ಟೆಕಿಚ್ಚಾಯಿತು. ಆದರೂ ಸ್ವಲ್ಪ ಸರಿದು, ಬುಟ್ಟಿಯ ಮುಂದೆ ಅವಳಿಗೂ ಜಾಗ ಕೊಟ್ಟಳು.