ರೊಟ್ಟಿ ಬಡಿಯುವ ಕೈ

ಬೆಂಗೇರಿಯ ದುರಗವ್ವನಿಗೆ ನಂಬಿಕೆ ಇದ್ದದ್ದು ತನ್ನ ಬಲಗೈ ಮೇಲೆ ಮಾತ್ರ. ಆ ಕೈ ಬಡಿದ ಜೋಳದ ರೊಟ್ಟಿ ಹುಬ್ಬಳ್ಳಿಯ ಖಾನಾವಳಿಗಳಿಗೆ ಹೋಗುತ್ತಿತ್ತು. ಉಳಿದವರೆಲ್ಲ ಅವಳ ಕಣ್ಣಿಗೆ ಕಳ್ಳರೇ, ನೆಂಟರೂ ಸೇರಿ.

ಹೀಗಿರುವಾಗ ರೊಟ್ಟಿಯ ಅಂಚು ಬಿರಿಯತೊಡಗಿತು. ತಪ್ಪು ಗಿರಣಿಯ ಮುಜಮ್ಮಿಲನದು ಎಂದಳು, ಗಿರಣಿ ಬದಲಾಯಿತು. ಆಮೇಲೆ ಸೊಸೆ ವಿದ್ಯಾ ಹಿಟ್ಟಿನಲ್ಲಿ ಏನೋ ಬೆರೆಸುತ್ತಾಳೆ ಎಂದಳು. ಕುಣಿಯಲಾರದವಳು ನೆಲ ಡೊಂಕೆಂದಳಂತೆ! ಬೆರಳುಗಳು ಜೋಮು ಹಿಡಿದು ಹಿಟ್ಟಿನ ಹದವೇ ತಿಳಿಯುತ್ತಿಲ್ಲ ಎಂಬುದನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ಕೈಯಿಂದ ಹಿಟ್ಟು ನಾದುವ ಪರಾತ ಜಾರಿ ಬಿದ್ದ ದಿನ ವಿದ್ಯಾ ಅವಳನ್ನು ಧಾರವಾಡಕ್ಕೆ, ಡಾಕ್ಟರ್ ಚಿನ್ಮಯೀ ಬಳಿ ಎಳೆದೊಯ್ದಳು.

ಚಿನ್ಮಯೀ ಕಣ್ಣು ಮುಚ್ಚಲು ಹೇಳಿ, ಬೆರಳಿಗೆ ಹತ್ತಿ ಸವರಿ, ಯಾವ ಬೆರಳೆಂದು ಕೇಳಿದಳು. ದುರಗವ್ವ ರೆಪ್ಪೆಯ ಸಂದಿಯಿಂದ ನೋಡಿ ನೋಡಿ ಸರಿಯಾಗಿ ಉತ್ತರ ಕೊಟ್ಟಳು. ರೋಗ ಸಿಕ್ಕರೆ ಕೈ ಕೊಯ್ಯುತ್ತಾರೆ, ಒಲೆ ಸೊಸೆಯ ಪಾಲಾಗುತ್ತದೆ ಎಂಬ ಗುಮಾನಿ ಅವಳಿಗೆ. ಚಿನ್ಮಯೀ ನಕ್ಕು, ಕೈಗೂ ಕಣ್ಣಿಗೂ ನಡುವೆ ಪೇಪರ್ ಹಿಡಿದಳು. ಈಗ ಊಹಿಸಿ ಹೇಳಿದ್ದೆಲ್ಲ ತಪ್ಪಾಯಿತು. ನರಕ್ಕೆ ಕರೆಂಟು ಹಾಯಿಸಿ ನೋಡುವ ಮಶೀನೂ ರೋಗವನ್ನೇ ಹೇಳಿತು.

“ಮಣಿಕಟ್ಟಿನ್ಯಾಗ ನರ ಒತ್ತಿಕೊಂಡದರಿ. ಅದರ ಮ್ಯಾಲಿನ ಪಟ್ಟಿ ಕೊಯ್ದು ಜಾಗಾ ಮಾಡಬೇಕು. ತಡಾ ಮಾಡಿದ್ರ ಹೆಬ್ಬೆರಳಿನ ಶಕ್ತಿ ಹೊಳ್ಳಿ ಬರೂದಿಲ್ಲ.”

“ನೀವಿಬ್ರೂ ಮೊದಲ ಮಾತಾಡ್ಕೊಂಡೀರಿ. ನನಗ ಗೊತ್ತೈತಿ.”

ಆದರೂ ಹೆಬ್ಬೆರಳಿನ ಮಾತಿಗೆ ಹೆದರಿ ಒಪ್ಪಿದಳು. ಕೈಯನ್ನಷ್ಟೇ ಮರಗಟ್ಟಿಸಿ ಕೊಯ್ಯುವಾಗ, ಪರದೆಯ ಈಚೆಯಿಂದ “ಯಾವ ಬೆರಳ ಹೋತ್ರಿ?” ಎಂದು ಕೇಳುತ್ತಲೇ ಇದ್ದಳು.

ಸೊಸೆಯ ಆರೈಕೆ ಬೇಡವೆಂದು ಮುಗದಕ್ಕೆ, ತಮ್ಮ ಗುರುಶಿದ್ದಪ್ಪನ ಮನೆಗೆ ಹೋದಳು. ಹೊಲಿಗೆ ಬಿಚ್ಚಿಸಲು ಅಲ್ಲಿಂದ ನೇರ ಆಸ್ಪತ್ರೆಗೇ ಬಂದಳು. ಖಾನಾವಳಿಯವರು ಇಷ್ಟರಲ್ಲಿ ಬೇರೆ ಕಡೆ ರೊಟ್ಟಿ ಹಿಡಿದಿರುತ್ತಾರೆ ಎಂಬ ಸಂಕಟ ಅವಳನ್ನು ಒಳಗೇ ತಿನ್ನುತ್ತಿತ್ತು.

ಚಿನ್ಮಯೀ ಹೊಲಿಗೆ ಬಿಚ್ಚಿ, ಪರೀಕ್ಷಿಸಲು ಮತ್ತೆ ಹತ್ತಿ ಕೈಗೆತ್ತಿಕೊಂಡಳು. ದುರಗವ್ವನಿಗೆ ಆ ಹತ್ತಿಯ ಮೇಲೂ ಅನುಮಾನ. ಬೆಂಗೇರಿಯಿಂದ ಬಂದು ಪಕ್ಕದಲ್ಲಿ ನಿಂತಿದ್ದ ಸೊಸೆಯ ಕೈಯನ್ನೇ ಸೆಳೆದು ಸವರಿದಳು. ಬಲಗೈ ಬೆರಳಿಗೆ ಉಬ್ಬು ಉಬ್ಬಾಗಿ ಏನೋ ತಾಕಿತು.

“ಇದೇನ ಇದು?”

“ಹಂಚು ತಾಕಿ ಗುಳ್ಳಿ ಎದ್ದಾವ್ರಿ ಅತ್ತಿ. ಖಾನಾವಳಿ ಬಿಟ್ಟು ಹೋಗಬಾರ್ದಂತ ಅಷ್ಟೂ ರೊಟ್ಟಿ ನಾನ ಬಡದು ಕಳಸೇನ್ರಿ. ನಿಮ್ಮ ಹೆಸರಿಲೇನ.”

ದುರಗವ್ವ ಬೈಯಲು ಬಾಯಿ ತೆರೆದಳು; ಬಂದದ್ದು ಅಳು. ಒಂದೊಂದೇ ಗುಳ್ಳೆಯನ್ನು ಮುಟ್ಟಿ ನೋಡಿದಳು.

“ಹಂಚಿನ ಮ್ಯಾಲ ರೊಟ್ಟಿ ಹಿಂಗ ತಿರುವ್ತಾರೇನ, ಹುಚ್ಚಿ?” ಎಂದಳು. “ನಡಿ ಮನಿಗೆ, ತೋರಸ್ತೇನಿ.”